ಬಿಜಿಎಂಐ ಆಟದ ಭಾರೀ ಅಸ್ತ್ರಗಳು: ಯಾವುದು ಬಲಶಾಲಿ, ಅಳೆಯುವುದು ಹೇಗೆ?

ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಜಗಲಿಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಕಿವಿಗೊಟ್ಟು ನಿಂತರೆ ಪಠ್ಯಪುಸ್ತಕದಲ್ಲಿಲ್ಲದ ಒಂದು ಶಬ್ದಭಂಡಾರವೇ ಕೇಳಿಸುತ್ತದೆ. ಎಂಜಿ3, ಡಿಪಿ-28, ಎಡಬ್ಲ್ಯುಎಂ, ಏರ್‌ಡ್ರಾಪ್, ಮೂರನೇ ಹಂತದ ಹೆಲ್ಮೆಟ್. 'ಎಲ್ಲಕ್ಕಿಂತ ಪವರ್ ಯಾವುದಕ್ಕೆ?' ಎಂಬ ಚರ್ಚೆ ಗಂಟೆ ಬಾರಿಸಿದ ಮೇಲೂ ಮುಗಿಯುವುದಿಲ್ಲ. ಮನೆಯ ಹಿರಿಯರಿಗೆ ಈ ಮಾತು ಅರ್ಥವಾಗುವುದಿಲ್ಲ; ಅಧ್ಯಾಪಕರಾದ ನಾವೂ ಬಹುಕಾಲ ಕೇಳಿಸದವರಂತೆ ಹಾದುಹೋದೆವು. ಹಾಗೆ ಹಾದುಹೋಗಬಾರದೆಂದು ತೋರಿದ್ದರಿಂದ ಮಕ್ಕಳ ಬಳಿಯೇ ಕುಳಿತು, ಕೇಳಿ, ಲೆಕ್ಕ ಹಾಕಿ ಈ ವಿವರಣೆಯನ್ನು ಸಿದ್ಧಪಡಿಸಿದ್ದೇವೆ.

ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬುದು ದಕ್ಷಿಣ ಕೊರಿಯಾದ ಕ್ರಾಫ್ಟನ್ ಸಂಸ್ಥೆಯ ಆಟ. ಇದರ ಮೂಲ ಪಬ್‌ಜಿ ಕಂಪ್ಯೂಟರಿನಲ್ಲಿ ಬಂದದ್ದು 2017ರಲ್ಲಿ, ಮೊಬೈಲಿಗೆ ಬಂದದ್ದು 2018ರಲ್ಲಿ. ಭಾರತ ಸರಕಾರವು 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲನ್ನು ಇತರ ಆ್ಯಪ್‌ಗಳೊಂದಿಗೆ ನಿಷೇಧಿಸಿತು. 2021ರ ಜುಲೈಯಲ್ಲಿ ಬಿಜಿಎಂಐ ಎಂಬ ಹೊಸ ಹೆಸರಿನಿಂದ ಅದು ಮರಳಿತು. 2022ರ ಜುಲೈಯಲ್ಲಿ ಆ್ಯಪ್ ಅಂಗಡಿಗಳಿಂದ ಮತ್ತೆ ಮರೆಯಾಗಿ, 2023ರ ಮೇ ತಿಂಗಳಲ್ಲಿ ಪುನಃ ಬಂತು. ಆಟದ ಸಾರ ಸರಳ. ನೂರು ಮಂದಿ ವಿಮಾನದಿಂದ ಒಂದು ದ್ವೀಪಕ್ಕೆ ಬರಿಗೈಯಲ್ಲಿ ಇಳಿಯುತ್ತಾರೆ, ಮನೆಮನೆ ಹುಡುಕಿ ಅಸ್ತ್ರ ಸಂಪಾದಿಸುತ್ತಾರೆ, ಕಿರಿದಾಗುತ್ತ ಬರುವ ವೃತ್ತದೊಳಗೆ ಕೊನೆಯವರೆಗೆ ಉಳಿದವರು ಗೆಲ್ಲುತ್ತಾರೆ.

ಇಲ್ಲಿ 'ಭಾರೀ ಅಸ್ತ್ರ' ಎನ್ನಬಹುದಾದವು ಮುಖ್ಯವಾಗಿ ಲೈಟ್ ಮಷೀನ್ ಗನ್‌ಗಳು. ಹೆಸರಿನಲ್ಲಿ 'ಲೈಟ್' ಇದ್ದರೂ ಆಟದಲ್ಲಿ ಕೈಗೆ ಸಿಗುವ ಬಂದೂಕುಗಳಲ್ಲಿ ಇವೇ ತೂಕದವು. ಸೈನ್ಯದವರು ಅವನ್ನು ಇನ್ನೂ ದೊಡ್ಡ ಮಷೀನ್ ಗನ್‌ಗಳ ಪಕ್ಕದಲ್ಲಿಟ್ಟು ಹೆಸರಿಸಿದ್ದರಿಂದ ಈ ವಿಚಿತ್ರ. ಇವುಗಳೊಂದಿಗೆ ಒಂದೇ ಗುಂಡಿಗೆ ಕೆಡವುವ ದೊಡ್ಡ ಸ್ನೈಪರನ್ನೂ ಸ್ಫೋಟಕಗಳನ್ನೂ ಸೇರಿಸಿ ನೋಡಬೇಕು.

ಏಳನೇ ತರಗತಿಯ ಒಬ್ಬ ಹುಡುಗನನ್ನು ಕೇಳಿದಾಗ, 'ಎಡಬ್ಲ್ಯುಎಂ ಮಾಷ್ಟ್ರೆ, ಅದರ ಡ್ಯಾಮೇಜು 105' ಎಂದು ತಡವರಿಸದೆ ಹೇಳಿದ. ಉಳಿದವರು ತಲೆಯಾಡಿಸಿದರು. ಬಹುತೇಕ ಮಕ್ಕಳು ಬಲವನ್ನು ಅಳೆಯುವುದು ಹೀಗೆ, ಒಂದೇ ಒಂದು ಅಂಕಿಯಿಂದ. ಆದರೆ ಆಟದೊಳಗಿನ ಬಲ ಕನಿಷ್ಠ ನಾಲ್ಕು ಅಂಕಿಗಳ ಕೂಟ: ಒಂದು ಗುಂಡು ಮಾಡುವ ಹಾನಿ, ನಿಮಿಷಕ್ಕೆ ಹಾರುವ ಗುಂಡುಗಳ ಸಂಖ್ಯೆ, ಒಮ್ಮೆ ತುಂಬಿದರೆ ಹಿಡಿಯುವ ಗುಂಡುಗಳು, ಮರಳಿ ತುಂಬಲು ಹಿಡಿಯುವ ಸಮಯ. ಇದರ ಮೇಲೆ ಎದುರಾಳಿಯ ಕವಚದ ಲೆಕ್ಕ ಬೇರೆ. ಪ್ರತಿಯೊಬ್ಬ ಆಟಗಾರನ ಜೀವಬಲ 100. ಹೆಲ್ಮೆಟ್ಟಿಗೂ ವೆಸ್ಟಿಗೂ ಮೂರು ಹಂತಗಳಿವೆ. ಮೊದಲನೆಯದು ಬಂದ ಹಾನಿಯಲ್ಲಿ ಶೇಕಡಾ 30ನ್ನು, ಎರಡನೆಯದು 40ನ್ನು, ಮೂರನೆಯದು 55ನ್ನು ತಡೆಯುತ್ತದೆ.

ಈಗ ಡಿಪಿ-28ನ್ನು ತೆಗೆದುಕೊಳ್ಳೋಣ. ಸೋವಿಯತ್ ರಷ್ಯಾದಲ್ಲಿ ವಾಸಿಲಿ ದೆಗ್ತ್ಯರ್ಯೋವ್ 1920ರ ದಶಕದಲ್ಲಿ ರೂಪಿಸಿದ ನಿಜವಾದ ಮಷೀನ್ ಗನ್ನಿನ ನೆರಳು ಇದು. ಮೇಲೆ ಗ್ರಾಮಫೋನ್ ತಟ್ಟೆಯಂತಹ ದುಂಡನೆಯ ಮ್ಯಾಗಜೀನ್, ಅದರಲ್ಲಿ 47 ಗುಂಡು. ಆಟದಲ್ಲಿ ಒಂದು ಗುಂಡಿನ ಹಾನಿ 51, ವೇಗ ನಿಮಿಷಕ್ಕೆ ಸುಮಾರು 550. ಎರಡನೇ ಹಂತದ ವೆಸ್ಟ್ ತೊಟ್ಟವನ ಮೇಲೆ ಒಂದು ಗುಂಡು ಉಳಿಸುವ ಹಾನಿ 51ರಲ್ಲಿ ಶೇಕಡಾ 60, ಅಂದರೆ 30.6. ನೂರನ್ನು ದಾಟಲು ನಾಲ್ಕು ಗುಂಡು ಬೇಕು. ಮೊದಲ ಗುಂಡಿನಿಂದ ನಾಲ್ಕನೆಯದರವರೆಗೆ ಮೂರು ಅಂತರಗಳು. ಒಟ್ಟು ಸಮಯ ಸುಮಾರು 0.33 ಸೆಕೆಂಡ್. (ಎದೆ, ಹೊಟ್ಟೆ, ಕೈಕಾಲುಗಳಿಗೆ ತಕ್ಕಂತೆ ಇನ್ನೊಂದು ಗುಣಾಕಾರವಿದೆ, ದೂರ ಹೆಚ್ಚಿದಂತೆ ಹಾನಿ ತಗ್ಗುವುದೂ ಇದೆ. ಲೆಕ್ಕ ಸರಳವಾಗಲೆಂದು ಎರಡನ್ನೂ ಬಿಟ್ಟಿದ್ದೇವೆ. ಹಾಗಾಗಿ ಗುಂಡಿನ ಎಣಿಕೆ ಒಂದರಷ್ಟು ಆಚೀಚೆ ಆಗಬಹುದು.)

ಎಂಜಿ3ಕ್ಕೆ ಬನ್ನಿ. ಎರಡನೇ ಮಹಾಯುದ್ಧದ ಜರ್ಮನ್ ಎಂಜಿ42ರ ವಂಶದ ಬಂದೂಕು ಇದು. ಆಟದಲ್ಲಿ ಏರ್‌ಡ್ರಾಪಿನ ಪೆಟ್ಟಿಗೆಯಲ್ಲಿ ಮಾತ್ರ ಸಿಗುವಂತೆ ಇದನ್ನು ತಂದರು. 75 ಗುಂಡು ಹಿಡಿಯುತ್ತದೆ. ವೇಗ ಎರಡು ಬಗೆ, ನಿಮಿಷಕ್ಕೆ 660 ಅಥವಾ 990. ಒಂದು ಗುಂಡಿನ ಹಾನಿ 40 ಎಂದಿಟ್ಟುಕೊಂಡರೆ ಅದೇ ವೆಸ್ಟಿನ ಮೇಲೆ 24 ಉಳಿಯುತ್ತದೆ, ಐದು ಗುಂಡು ಬೇಕಾಗುತ್ತದೆ. 990ರ ವೇಗದಲ್ಲಿ ಇದಕ್ಕೆ ತಗಲುವ ಸಮಯ ಸುಮಾರು 0.24 ಸೆಕೆಂಡ್, 660ರ ವೇಗದಲ್ಲಿ 0.36. ಅಂದರೆ ವೇಗದ ಗುಂಡಿಯನ್ನು ಬದಲಿಸಲು ಮರೆತ ಹುಡುಗನ ಎಂಜಿ3, ನೆಲದ ಮೇಲೆ ಬಿದ್ದು ಸಿಗುವ ಡಿಪಿ-28ಕ್ಕಿಂತ ಹಿಂದೆ ಬೀಳುತ್ತದೆ! ಈ ಉತ್ತರ ಕರಿಹಲಗೆಯ ಮೇಲೆ ಬಂದಾಗ ತರಗತಿಯಲ್ಲಿ ಎದ್ದ ಗದ್ದಲವನ್ನು ಶೇಕಡಾವಾರು ಲೆಕ್ಕದ ಪಾಠದಲ್ಲಿ ನಾವು ಹಿಂದೆಂದೂ ಕೇಳಿರಲಿಲ್ಲ.

ವೇಗಕ್ಕೂ ಬೆಲೆಯಿದೆ. 990ರ ವೇಗದಲ್ಲಿ 75 ಗುಂಡು ನಾಲ್ಕೂವರೆ ಸೆಕೆಂಡಿನಲ್ಲಿ ಖಾಲಿ. ಡಿಪಿ-28ರ 47 ಗುಂಡು ಸುಮಾರು ಐದು ಸೆಕೆಂಡ್ ಬಾಳುತ್ತವೆ. ಖಾಲಿಯಾದ ಮೇಲೆ ಈ ವರ್ಗದ ಬಂದೂಕುಗಳನ್ನು ತುಂಬುವುದು ನಿಧಾನ. ಡಿಪಿ-28ರ ತಟ್ಟೆ ಬದಲಿಸಲು ಐದು ಸೆಕೆಂಡಿಗೂ ಮೇಲೆ ಬೇಕು. ಗೋಡೆಯ ಮರೆಯಿಲ್ಲದೆ ಆ ಕೆಲಸಕ್ಕೆ ತೊಡಗಿದವನು ಬದುಕುವುದು ಕಷ್ಟ. ಅದರ ಮ್ಯಾಗಜೀನನ್ನು ಹಿಗ್ಗಿಸುವ ಭಾಗವೂ ಇಲ್ಲ, ದುರ್ಬೀನು ಒಂದನ್ನು ಮಾತ್ರ ಜೋಡಿಸಬಹುದು. ಬಡ ಬಂದೂಕು ಅನ್ನಿ. ಆದರೆ ಅದರ ಮುಂಭಾಗದ ಎರಡು ಕಾಲುಗಳು ನೆಲಕ್ಕೆ ಊರಿ, ಆಟಗಾರ ಬೋರಲು ಮಲಗಿದಾಗ ಒದೆತ ಬಹಳ ತಗ್ಗುತ್ತದೆ. ಎಂಜಿ3ಕ್ಕೂ ಎಂ249ಕ್ಕೂ ಈ ಗುಣವಿದೆ. ನಿಂತು ಹಾರಿಸಿದಾಗ ಆಕಾಶ ನೋಡುವ ಬಂದೂಕು ಮಲಗಿ ಹಾರಿಸಿದಾಗ ಮಾತು ಕೇಳುತ್ತದೆ. ಭಾರೀ ಅಸ್ತ್ರ ಹಿಡಿದು ಓಡಾಡುವ ಮಕ್ಕಳು ಸೋಲುವುದು ಹೆಚ್ಚಾಗಿ ಇಲ್ಲಿಯೇ.

ಎಂ249 ಬೆಲ್ಜಿಯಂನ ಮಿನಿಮಿ ಎಂಬ ಬಂದೂಕಿನ ಅಮೆರಿಕನ್ ರೂಪ. ಮೊದಲು ಏರ್‌ಡ್ರಾಪಿನಲ್ಲಿ ನೂರು ಗುಂಡಿನೊಂದಿಗೆ ಬರುತ್ತಿತ್ತು, ಎಂಜಿ3 ಬಂದ ಮೇಲೆ ನೆಲಕ್ಕಿಳಿಯಿತು. ಇದು 5.56 ಮಿಲಿಮೀಟರ್ ಗುಂಡನ್ನು ಬಳಸುತ್ತದೆ, ಇತರ ಎರಡು 7.62ನ್ನು. ಚೀಲದಲ್ಲಿ ಯಾವ ಗುಂಡು ಹೆಚ್ಚಿದೆ ಎಂಬುದರಿಂದಲೇ ಹಲವು ಬಾರಿ ಆಯ್ಕೆ ತೀರ್ಮಾನವಾಗುತ್ತದೆ.

ಆ ಹುಡುಗನ ಎಡಬ್ಲ್ಯುಎಂ ಸಂಗತಿ ಸುಳ್ಳಲ್ಲ, ಅರ್ಧ ನಿಜ. ಬ್ರಿಟನ್ನಿನಲ್ಲಿ ತಯಾರಾದ ಈ ಸ್ನೈಪರಿನ ಹಾನಿ 105. ತಲೆಗೆ ತಗಲಿದರೆ ಎರಡೂವರೆ ಪಟ್ಟು, ಅಂದರೆ 262.5. ಮೂರನೇ ಹಂತದ ಹೆಲ್ಮೆಟ್ ಅದರಲ್ಲಿ ಶೇಕಡಾ 55ನ್ನು ತಡೆದರೂ 118 ಉಳಿಯುತ್ತದೆ, ಎದುರಾಳಿ ಬಿದ್ದ. ನೆಲದಲ್ಲಿ ಸಿಗುವ ಕಾರ್98ಕೆ ಸ್ನೈಪರಿನ ಹಾನಿ 79. ಅದೇ ಲೆಕ್ಕದಲ್ಲಿ 88.9 ಮಾತ್ರ ಉಳಿಯುತ್ತದೆ, ಎದುರಾಳಿ ಹನ್ನೊಂದರಷ್ಟು ಜೀವ ಹಿಡಿದು ಓಡುತ್ತಾನೆ. ಎಡಬ್ಲ್ಯುಎಂನ ಕೀರ್ತಿಯೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ. ಎದುರಾಳಿಯ ತಲೆಯ ಮೇಲೆ ಎರಡನೇ ಹಂತದ ಹೆಲ್ಮೆಟ್ ಇದ್ದರೆ ಕಾರ್98ಕೆಯೂ 118.5 ಉಳಿಸಿ ಅದೇ ಕೆಲಸ ಮಾಡುತ್ತದೆ. ಮೇಲಾಗಿ ಎಡಬ್ಲ್ಯುಎಂ ಹಿಡಿಯುವುದು ಐದು ಗುಂಡು, ಒಂದು ಹಾರಿಸಿ ಇನ್ನೊಂದಕ್ಕೆ ಹತ್ತಿರ ಹತ್ತಿರ ಎರಡು ಸೆಕೆಂಡ್ ಕಾಯಬೇಕು, ಅದರ .300 ಮ್ಯಾಗ್ನಂ ಗುಂಡು ನೆಲದಲ್ಲಿ ದೊರೆಯುವುದೇ ಇಲ್ಲ. ಗುರಿ ತಪ್ಪುವವನ ಕೈಯಲ್ಲಿ ಇದಕ್ಕಿಂತ ದುರ್ಬಲ ಅಸ್ತ್ರ ಮತ್ತೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಸ್ಫೋಟಕಗಳ ಬಗ್ಗೆ ಚುಟುಕಾಗಿ ಹೇಳಿದರೆ ಸಾಕು, ಏಕೆಂದರೆ ಸಾಮಾನ್ಯ ಪಂದ್ಯದಲ್ಲಿ ಕೈಬಾಂಬನ್ನು ಮೀರಿದ್ದು ಅಪರೂಪ. 2019ರಲ್ಲಿ ಪಬ್‌ಜಿ ಮೊಬೈಲಿಗೆ ಬಂದ ಪೇಲೋಡ್ ಎಂಬ ಆಟಬಗೆಯಲ್ಲಿ ಆರ್‌ಪಿಜಿ-7 ರಾಕೆಟ್ಟು, ಹೆಲಿಕಾಪ್ಟರು ಎಲ್ಲವೂ ಇದ್ದವು. ಕರಾಕಿನ್ ಎಂಬ ಮರಳುಗಾಡಿನ ನಕ್ಷೆಯೊಂದಿಗೆ ಹೆಸರಾದ ಪಾಂಜರ್‌ಫೌಸ್ಟನ್ನು ಒಮ್ಮೆ ಹಾರಿಸಿದರೆ ಎಸೆಯಬೇಕಾದದ್ದೇ. ಹಾರಿಸಿದಾಗ ಹಿಂದಕ್ಕೆ ಚಿಮ್ಮುವ ಬೆಂಕಿ ಬೆನ್ನ ಹಿಂದೆ ನಿಂತ ಗೆಳೆಯನಿಗೂ ತಗಲುತ್ತದೆ.

ಹಾಗಾದರೆ ಯಾವುದನ್ನು ಆರಿಸುವುದು? ತಂಡವಾಗಿ ಆಡುವಾಗ, ಓಡುವ ವಾಹನ ಎದುರಿಗಿದ್ದಾಗ, ಕೊನೆಯ ಕಿರಿದಾದ ವೃತ್ತದಲ್ಲಿ ಹುಲ್ಲಿನ ನಡುವೆ ಮಲಗಿದಾಗ ಎಂಜಿ3ಕ್ಕೆ ಸಾಟಿಯಿಲ್ಲ. ಒಬ್ಬನೇ ಮನೆಯಿಂದ ಮನೆಗೆ ನುಗ್ಗುವವನಿಗೆ ಅದು ಹೊರೆ. ಅಲ್ಲಿ ಚಿಕ್ಕ ಬಂದೂಕೇ ಮೇಲು. ಏರ್‌ಡ್ರಾಪಿನ ಕೆಂಪು ಹೊಗೆಯನ್ನು ಕಂಡು ಓಡುವವರು ನೂರರಲ್ಲಿ ಹಲವರಿರುತ್ತಾರೆ, ಆ ಪೆಟ್ಟಿಗೆಯ ಸುತ್ತ ಸಾಯುವವರೂ ಅಷ್ಟೇ ಮಂದಿ. ಆ ಅಪಾಯವನ್ನೂ ಲೆಕ್ಕಕ್ಕೆ ಸೇರಿಸಿದರೆ ಸಾಮಾನ್ಯ ಆಟಗಾರನಿಗೆ ಡಿಪಿ-28 ಹೆಚ್ಚು ನ್ಯಾಯವಾದ ಆಯ್ಕೆಯೆಂದು ನಮಗೆ ತೋರುತ್ತದೆ. ಹೊಸ ಆವೃತ್ತಿ ಬಂದಾಗಲೆಲ್ಲ ಕಂಪೆನಿಯು ಈ ಅಂಕಿಗಳನ್ನು ತಿದ್ದುವುದುಂಟು. ಅಂಕಿ ಬದಲಾದರೂ ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಈ ವಿವರಣೆಗೆ ನಮ್ಮನ್ನು ತಳ್ಳಿದ ಕಾರಣ ಬೇರೊಂದಿದೆ. ಕಳೆದ ಮಳೆಗಾಲದಲ್ಲಿ ಒಬ್ಬ ತಾಯಿ ಮೊಬೈಲನ್ನು ಸೆರಗಿನಲ್ಲಿ ಸುತ್ತಿಕೊಂಡು ಶಾಲೆಗೆ ಬಂದರು. ಬೀಡಿ ಕಟ್ಟಿ ಕೂಡಿಟ್ಟ ಹಣ ಖಾತೆಯಿಂದ ಸ್ವಲ್ಪ ಸ್ವಲ್ಪವಾಗಿ ಹೋಗಿತ್ತು. 'ಮಾಷ್ಟ್ರೆ, ಕೋವಿ ತೆಗೊಂಡೆ ಅಂತಾನೆ. ಎಂಥ ಕೋವಿ ಇದು, ಮನೆಯಲ್ಲಿ ಕಾಣ್ಲಿಕ್ಕೇ ಇಲ್ಲ?' ಎಂದು ಕೇಳಿದರು. ಹುಡುಗ ಕೊಂಡದ್ದು ಕೋವಿಯನ್ನಲ್ಲ, ಅದರ ಮೈಬಣ್ಣವನ್ನು. ಆಟದಲ್ಲಿ ಇದನ್ನು ಸ್ಕಿನ್ ಎನ್ನುತ್ತಾರೆ. ಯುಸಿ ಎಂಬ ಆಟದ ನಾಣ್ಯವನ್ನು ನಿಜವಾದ ರೂಪಾಯಿ ಕೊಟ್ಟು ಪಡೆದು, ಅದರಿಂದ ಮುಚ್ಚಿದ ಪೆಟ್ಟಿಗೆಗಳನ್ನು ತೆರೆಯಬೇಕು. ಬಯಸಿದ ಬಣ್ಣ ಬರುವುದು ಅದೃಷ್ಟವಿದ್ದರೆ. ಹಂತಹಂತವಾಗಿ ಬೆಳೆಸುವ ಸ್ಕಿನ್‌ಗಳೂ ಇವೆ, ಅವಕ್ಕೆ ಮತ್ತೆ ಮತ್ತೆ ಸುರಿಯಬೇಕು.

ಬಣ್ಣ ಹೊಳೆದರೆ ಬಂದೂಕು ಬಲವಾಗುತ್ತದೆ ಎಂದು ಆತ ನಂಬಿದ್ದ. ಬಿಜಿಎಂಐಯಲ್ಲಿ ಹಾಗಾಗುವುದಿಲ್ಲ. ಸಾವಿರಾರು ರೂಪಾಯಿಯ ಸ್ಕಿನ್ ಹೊದ್ದ ಡಿಪಿ-28ರ ಹಾನಿಯೂ 51, ಏನೂ ಹೊದೆಯದ ಡಿಪಿ-28ರ ಹಾನಿಯೂ 51. ಆತನ ನಂಬಿಕೆಯ ಮೂಲವನ್ನು ಹುಡುಕಿದಾಗ ಸಿಕ್ಕಿದ್ದು ಫ್ರೀ ಫೈರ್ ಎಂಬ ಇನ್ನೊಂದು ಆಟ. ಅದರಲ್ಲಿ ಬಂದೂಕಿನ ಸ್ಕಿನ್‌ಗಳು ನಿಜಕ್ಕೂ ಹಾನಿಯನ್ನೋ ವೇಗವನ್ನೋ ಹೆಚ್ಚಿಸಿ, ಪ್ರತಿಯಾಗಿ ಇನ್ನೊಂದು ಗುಣವನ್ನು ತಗ್ಗಿಸುತ್ತವೆ. 2022ರ ಫೆಬ್ರವರಿಯಲ್ಲಿ ಅದು ನಿಷೇಧಗೊಂಡಾಗ ಅನೇಕ ಮಕ್ಕಳು ಅಲ್ಲಿನ ತಿಳಿವಳಿಕೆಯನ್ನು ಹೊತ್ತುಕೊಂಡೇ ಇತ್ತ ಬಂದರು. ಯಾವ ಆಟ ಎಂದು ಕೇಳದೆ ಮಗುವನ್ನು ಗದರಿಸುವ ಹಿರಿಯರಿಗೆ ಈ ಎಳೆ ಸಿಗುವುದು ಹೇಗೆ? 2025ರ ಆನ್‌ಲೈನ್ ಗೇಮಿಂಗ್ ಕಾನೂನು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿದೆ. ಬಣ್ಣ ಕೊಳ್ಳುವ ವ್ಯವಹಾರ ಆ ಬಗೆಯದಲ್ಲ.

ಹದಿನೆಂಟರೊಳಗಿನವರಿಗೆ ಬಿಜಿಎಂಐ ದಿನಕ್ಕೆ ಮೂರು ಗಂಟೆಯ ಮಿತಿ ಇಟ್ಟಿದೆ, ಹೆತ್ತವರ ಮೊಬೈಲ್ ಸಂಖ್ಯೆಯನ್ನೂ ಕೇಳುತ್ತದೆ. ಮನೆಯಲ್ಲಿ ಒಂದೇ ಫೋನಿದ್ದು, ಅದಕ್ಕೆ ಬರುವ ಒಟಿಪಿಯನ್ನು ಮಗುವೇ ಓದಿ ಹೇಳುವ ಮನೆಗಳಲ್ಲಿ ಈ ಕಾವಲು ಎಷ್ಟರಮಟ್ಟಿನದೆಂದು ಓದುಗರೇ ಬಲ್ಲರು. ಪ್ಲೇ ಸ್ಟೋರಿನ ಸೆಟ್ಟಿಂಗಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಬಹುದು. ಯುಪಿಐಯ ಗುಟ್ಟಿನ ಸಂಖ್ಯೆಯನ್ನು ಮಗುವಿಗೆ ಹೇಳದಿರಬಹುದು. ಇವೆರಡೂ ಐದು ನಿಮಿಷದ ಕೆಲಸ, ಮಕ್ಕಳ ಎದುರೇ ಮಾಡುವುದು ಒಳ್ಳೆಯದು.

ಆ ತಾಯಿಯ ಎದುರು ಹುಡುಗನಿಂದಲೇ 51ರ ಶೇಕಡಾ 60ನ್ನು ಬಿಡಿಸಿಸಿದೆವು, ಮೊದಲು ಬಣ್ಣವಿಲ್ಲದ ಬಂದೂಕಿಗೆ, ಆಮೇಲೆ ಬಣ್ಣದ್ದಕ್ಕೆ. ಎರಡು ಬಾರಿಯೂ 30.6 ಬಂತು. ಮೂರನೆಯ ಬಾರಿ ಆತನೇ ಕೇಳದೆ ಮಾಡಿ ನೋಡಿದ. ತಾಯಿಗೆ ದಶಮಾಂಶ ತಿಳಿಯದು; ಹಾಳೆಯ ಮೇಲೆ ಎರಡೂ ಕಡೆ ಒಂದೇ ಅಂಕಿ ಇರುವುದು ಅವರಿಗೂ ಕಂಡಿತು.