ದತ್ತಾಂಶ ನಕ್ಷೆಯ ಅರ್ಥ ಮತ್ತು ತರ್ಕದ ಒರೆಗಲ್ಲು

1970ರಲ್ಲಿ ಐಬಿಎಂನ ಇ. ಎಫ್. ಕಾಡ್ ಮಂಡಿಸಿದ ಸಂಬಂಧಾತ್ಮಕ ಮಾದರಿ ದತ್ತಾಂಶವನ್ನೆಲ್ಲ ಕೋಷ್ಟಕಗಳಾಗಿ ಕಂಡಿತು. ಕೋಷ್ಟಕದ ಸಾಲೊಂದು ವ್ಯಕ್ತಿಯನ್ನು ಸೂಚಿಸುತ್ತದೆಯೋ ಇಬ್ಬರ ನಡುವಿನ ನಂಟನ್ನೋ ಎಂಬುದನ್ನು ಅದು ಹೇಳುವುದಿಲ್ಲ. ಈ ಕೊರತೆ ತುಂಬಲು ಬಂದ ಅರ್ಥಾಧಾರಿತ ಮಾದರಿಗಳಲ್ಲಿ ಪೀಟರ್ ಚೆನ್ 1976ರಲ್ಲಿ ಪ್ರಕಟಿಸಿದ ಘಟಕ-ಸಂಬಂಧ ಮಾದರಿಯೇ ಹೆಚ್ಚು ಬಳಕೆಗೆ ಬಂದಿತು. 1979ರಲ್ಲಿ ಕಾಡ್ ಕೂಡ ತಮ್ಮ ಮಾದರಿಯನ್ನು ಹೆಚ್ಚಿನ ಅರ್ಥ ಹಿಡಿಯುವಂತೆ ವಿಸ್ತರಿಸಿದರು.

ಘಟಕ-ಸಂಬಂಧ ಮಾದರಿಯ ಚೌಕ, ವಜ್ರಾಕೃತಿ, ಗೆರೆಗಳ ನಕ್ಷೆ ನೋಡಲು ಸುಲಭ; ಅದರ ಅರ್ಥ ಅಷ್ಟು ಸುಲಭವಲ್ಲ. ಸಂಬಂಧದಲ್ಲಿ ಎಷ್ಟು ಮಂದಿ ಪಾಲ್ಗೊಳ್ಳಬಹುದೆಂಬ ಸಂಖ್ಯೆಯನ್ನು ಫ್ರಾನ್ಸಿನ ಮೆರೀಸ್ ಪದ್ಧತಿ ಗೆರೆಯ ಒಂದು ತುದಿಯಲ್ಲಿ ಬರೆದರೆ, ತಂತ್ರಾಂಶ ವಿನ್ಯಾಸದ ನಕ್ಷಾಭಾಷೆ ಯುಎಂಎಲ್ ಇನ್ನೊಂದು ತುದಿಯಲ್ಲಿ ಬರೆಯುತ್ತದೆ. ನಕ್ಷೆಯನ್ನು ತರ್ಕದ ವಾಕ್ಯಗಳಾಗಿ ಬರೆದಾಗಲಷ್ಟೇ ಗೊಂದಲ ಕಳೆಯುತ್ತದೆ. ಆಗ ಪ್ರತಿ ಘಟಕವೂ ಪ್ರತಿ ಸಂಬಂಧವೂ ಒಂದೊಂದು ವಿಧೇಯ, ನಿರ್ಬಂಧಗಳು ಆಧಾರವಾಕ್ಯಗಳು. ಅವೆಲ್ಲವನ್ನೂ ಪಾಲಿಸುವ ದತ್ತಾಂಶ ಮಾತ್ರ ಸಿಂಧು.

ಈ ಶ್ರಮಕ್ಕೆ ಸಿಗುವ ಫಲ ಒಂದು ವಿಶ್ವವಿದ್ಯಾಲಯದ ನಕ್ಷೆಯಲ್ಲಿ ಕಾಣುತ್ತದೆ. ಪ್ರತಿ ಮಾರ್ಗದರ್ಶಕರಿಗೂ ಕನಿಷ್ಠ ಇಬ್ಬರು ಸಂಶೋಧನಾರ್ಥಿಗಳು; ಪ್ರತಿ ಸಂಶೋಧನಾರ್ಥಿಗೂ ಒಬ್ಬರೇ ಮಾರ್ಗದರ್ಶಕರು; ಸಂಶೋಧನಾರ್ಥಿಗಳೆಲ್ಲರೂ ಕಿರಿಯರಿಗೆ ಮಾರ್ಗದರ್ಶಕರೇ. ಬಿಡಿಬಿಡಿಯಾಗಿ ಮೂರೂ ನಿಯಮಗಳು ನಿರುಪದ್ರವಿಗಳು. ಒಟ್ಟಿಗೆ ಸೇರಿದರೆ ಮೊದಲೆರಡರಿಂದ ಸಂಶೋಧನಾರ್ಥಿಗಳ ಸಂಖ್ಯೆ ಮಾರ್ಗದರ್ಶಕರ ಕನಿಷ್ಠ ಇಮ್ಮಡಿ ಆಗಬೇಕು, ಮೂರನೆಯದರಿಂದ ಮಾರ್ಗದರ್ಶಕರ ಸಂಖ್ಯೆಯನ್ನು ಮೀರಬಾರದು. ಆದ್ದರಿಂದ ಎರಡೂ ಕೋಷ್ಟಕಗಳು ಖಾಲಿಯಾಗಿರಬೇಕು, ಇಲ್ಲವೇ ಅನಂತವಾಗಿರಬೇಕು. ಗಣಿತಜ್ಞರು ಎರಡನೆಯದನ್ನು ಒಪ್ಪಿಯಾರು, ಡೇಟಾಬೇಸ್ ಒಪ್ಪದು. ಕಣ್ಣಿಗೆ ಬೀಳದ ಇಂಥ ವಿರೋಧಗಳನ್ನು ರೇಖೀಯ ಅಸಮತೆಗಳಾಗಿ ಬರೆದು ಪತ್ತೆಹಚ್ಚುವ ದಾರಿಯನ್ನು ಇಟಲಿಯ ಲೆನ್ಜೆರಿನಿ ಮತ್ತು ನೊಬಿಲಿ ತೋರಿಸಿದರು.

ಅಭಿವ್ಯಕ್ತಿ ಶಕ್ತಿ ಹೆಚ್ಚಿದಷ್ಟೂ ಪರಿಶೀಲನೆಯ ವೆಚ್ಚ ಏರುತ್ತದೆ. ಯುಎಂಎಲ್ ವರ್ಗನಕ್ಷೆಯಲ್ಲಿ ಒಳವಿರೋಧವಿದೆಯೇ ಎಂದು ತೀರ್ಮಾನಿಸಲು ಅತಿಕೆಟ್ಟ ಸಂದರ್ಭದಲ್ಲಿ ಘಾತೀಯ ಕಾಲ ಬೇಕೆಂದು 2005ರಲ್ಲಿ ಸಾಧಿಸಲಾಯಿತು. ಡಿಎಲ್-ಲೈಟ್ ಎಂಬ ತರ್ಕಕುಟುಂಬ ಬೇಕೆಂದೇ ಕೆಲವು ಸಾಮರ್ಥ್ಯಗಳನ್ನು ಬಿಟ್ಟುಕೊಟ್ಟು, ಪ್ರಶ್ನೆಗಳನ್ನು ಡೇಟಾಬೇಸ್‌ಗಳ ಪ್ರಶ್ನಾಭಾಷೆಯಾದ ಸಾಮಾನ್ಯ ಎಸ್‌ಕ್ಯೂಎಲ್‌ಗೆ ಇಳಿಸುವಂತೆ ರೂಪುಗೊಂಡಿದೆ. ದೊಡ್ಡ ದತ್ತಾಂಶದ ಮಟ್ಟಿಗೆ ಇದು ಜಾಣತನದ ರಾಜಿ.

ಇನ್ನೊಂದು ತೊಡಕು ಇಲ್ಲದ ಮಾಹಿತಿಯದು. ದಾಖಲಾಗದ್ದನ್ನು ಸುಳ್ಳೆಂದು ಬಗೆಯುವ ‘ಮುಚ್ಚಿದ ಲೋಕ’ದ ಊಹೆಯನ್ನು ರೇಮಂಡ್ ರೈಟರ್ 1978ರಲ್ಲಿ ವಿಧ್ಯುಕ್ತವಾಗಿ ನಿರೂಪಿಸಿದರು. ವೆಬ್‌ಗಾಗಿ ರೂಪಿಸಿದ ಓಡಬ್ಲ್ಯೂಎಲ್ ಭಾಷೆ ಇದಕ್ಕೆ ವಿರುದ್ಧ: ಪ್ರತಿಯೊಬ್ಬರಿಗೂ ತಾಯಿ ಇರಲೇಬೇಕೆಂಬ ನಿಯಮವಿದ್ದು ಒಬ್ಬರ ತಾಯಿಯ ಹೆಸರು ಇಲ್ಲದಿದ್ದರೆ, ತಾಯಿ ಇದ್ದಾಳೆ, ಹೆಸರು ತಿಳಿದಿಲ್ಲ ಎಂದಷ್ಟೇ ಅದು ಗ್ರಹಿಸುತ್ತದೆ. ಹೀಗಾಗಿ ತಪ್ಪು ಹಿಡಿಯುವ ಕೆಲಸಕ್ಕೆ ಅದು ಒದಗಲಿಲ್ಲ. ಆ ಕೆಲಸಕ್ಕೆಂದೇ ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯೂ3ಸಿ 2017ರಲ್ಲಿ ‘ಶ್ಯಾಕಲ್’ ಎಂಬ ಪ್ರತ್ಯೇಕ ಮಾನಕವನ್ನು ಹೊರತಂದಿತು.