ಮಣ್ಣಗೋಡೆಯಿಂದ ಕಾಂಕ್ರೀಟು ಬ್ಲಾಕಿನವರೆಗೆ

ಮನೆಯನ್ನು ಕಟ್ಟಹೊರಟವನಿಗೆ ಗೋಡೆಯ ಕಲ್ಲು ದೊರೆಯುವ ಬಗೆ ಎರಡು. ನಿಸರ್ಗವು ಕೊಟ್ಟುದನ್ನು ಕಡಿದು ತರುವದೊಂದು. ಮಣ್ಣು ಮರಳುಗಳ ಕಣಗಳನ್ನು ಕೂಡಿಸಿ ತಾನೇ ಮಾಡಿಕೊಳ್ಳುವದು ಇನ್ನೊಂದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಎರಡು ಬಗೆಗಳೂ ಒಂದರ ಮಗ್ಗುಲಲ್ಲೊಂದು ಕಾಣಸಿಗುವವು. ಎರಡನೆಯ ಬಗೆಯ ಚರಿತ್ರೆಯನ್ನೂ ಅದರೊಳಗಿನ ಹದದ ಮರ್ಮವನ್ನೂ ವಾಚಕರ ಮುಂದಿಡುವದು ಈ ಲೇಖನದ ಉದ್ದೇಶವು.

ನಮ್ಮ ಕರಾವಳಿಯ ಮನೆಗಳಿಗೆ ಚಿರೇಕಲ್ಲೇ ಆಧಾರವಾಗಿ ಬಂದಿದೆ. ೧೮೦೦-೦೧ರಲ್ಲಿ ಮೈಸೂರು, ಕೆನರಾ, ಮಲಬಾರ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು, ನೆಲದಲ್ಲಿರುವಾಗ ಕೊಡಲಿಗೆ ಮಣಿಯುವಷ್ಟು ಮೆತ್ತಗಿದ್ದು, ಗಾಳಿ ತಾಕಿದೊಡನೆ ಗಟ್ಟಿಯಾಗುವ ಈ ಕಲ್ಲನ್ನು ಕಂಡು ಬೆರಗಾದರು. ೧೮೦೭ರಲ್ಲಿ ಅಚ್ಚಾದ ತಮ್ಮ ಪ್ರವಾಸಗ್ರಂಥದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಆ ಪದದ ಮೂಲಕ್ಕೆ ಇಟ್ಟಿಗೆಯೆಂದೇ ಅರ್ಥ. ಇದು ನಿಸರ್ಗವೇ ಬೆರಕೆ ಮಾಡಿ ಇಟ್ಟ ಇಟ್ಟಿಗೆ. ಮನುಷ್ಯನಿಗೆ ಉಳಿದದ್ದು ಕಡಿಯುವ ಕೆಲಸ ಮಾತ್ರ.

ಘಟ್ಟದ ಮೇಲಿನ ಮುಂಡಗೋಡದಲ್ಲಿ ಈ ಕಥೆಗೆ ಬೇರೊಂದು ಪರಂಪರೆಯು ಬಂದು ಕೂಡಿತು. ೧೯೫೯ರಲ್ಲಿ ದಲಾಯಿ ಲಾಮಾ ಅವರು ತಮ್ಮ ದೇಶವನ್ನು ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಬಂದರು. ಅಂದಿನ ಮೈಸೂರು ರಾಜ್ಯದಲ್ಲಿ ಮೊದಲು ಬೈಲಕುಪ್ಪೆಯಲ್ಲಿಯೂ, ೧೯೬೬ರಲ್ಲಿ ಮುಂಡಗೋಡದಲ್ಲಿಯೂ ಅವರಿಗೆ ನೆಲೆ ದೊರೆಯಿತು. ನಾವು ಟಿಬೆಟನ್ ಕಾಲೊನಿ ಎಂದು ಕರೆಯುವದು ಈ ನೆಲೆಯನ್ನೇ. ಲ್ಹಾಸಾದ ಬಳಿ ೧೪೦೯ರಲ್ಲಿ ಸ್ಥಾಪಿತವಾದ ಗಾದೆನ್ ಮಠವೂ, ೧೪೧೬ರಲ್ಲಿ ಸ್ಥಾಪಿತವಾದ ಡ್ರೆಪುಂಗ್ ಮಠವೂ ಇಲ್ಲಿ ಮರಳಿ ತಲೆಯೆತ್ತಿದವು.

ಆ ಜನರ ಮೂಲದೇಶದಲ್ಲಿ ಗೋಡೆ ಕಟ್ಟುವ ಒಂದು ಪ್ರಾಚೀನ ಕ್ರಮವಿದೆ. ಎರಡು ಹಲಗೆಗಳನ್ನು ಎದುರುಬದುರು ನಿಲ್ಲಿಸಿ, ನಡುವೆ ತುಸುವೇ ಪಸೆಯಿರುವ ಮಣ್ಣನ್ನು ಸುರಿದು, ಉದ್ದನೆಯ ದಮ್ಮಸುಗಳಿಂದ ಪದರಪದರವಾಗಿ ಬಡಿದು ಗಟ್ಟಿ ಮಾಡುವರು. ಹಲಗೆಯನ್ನು ತೆಗೆದರೆ ಗೋಡೆಯು ತಾನಾಗಿ ನಿಲ್ಲುವದು. ಮಣ್ಣು ಬಹಳ ಒಣಗಿದ್ದರೆ ಪುಡಿಯಾಗುವದು. ಬಹಳ ಹಸಿಯಿದ್ದರೆ ದಮ್ಮಸಿಗೆ ಅಂಟಿ, ಒಣಗಿದ ಮೇಲೆ ಬಿರಿಯುವದು. ನಡುವಣ ಹದವನ್ನು ಕುಶಲರು ಅಂಗೈಯಿಂದಲೇ ಅರಿಯುತ್ತಿದ್ದರು. ೧೯೩೩ರಲ್ಲಿ ಅಮೇರಿಕೆಯ ಪ್ರಾಕ್ಟರ್ ಎಂಬ ಎಂಜಿನಿಯರರು ಮಣ್ಣಿನ ಒಡ್ಡುಗಳನ್ನು ಕುರಿತು ಪ್ರಯೋಗ ಮಾಡಿ ತೋರಿಸಿದ್ದೂ ಇದನ್ನೇ: ಬಡಿಯುವ ಬಲವು ಒಂದೇ ಇದ್ದಾಗ, ಮಣ್ಣು ಅತ್ಯಂತ ಸಾಂದ್ರವಾಗುವದಕ್ಕೆ ನೀರಿನ ಒಂದು ನಿಶ್ಚಿತ ಪ್ರಮಾಣವಿದೆ.

ಇಂದಿನ ಕಾಂಕ್ರೀಟು ಬ್ಲಾಕು ಈ ಬಡಿದ ಮಣ್ಣಗೋಡೆಗೆ ಸಮೀಪದ ಬಂಧುವೆಂದರೆ ವಾಚಕರಿಗೆ ಅಚ್ಚರಿಯಾಗಬಹುದು. ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ಜೋಸೆಫ್ ಆಸ್ಪ್ಡಿನ್ ಎಂಬ ಗೌಂಡಿಯು ೧೮೨೪ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದನು. ೧೯೦೦ರಲ್ಲಿ ಅಮೇರಿಕೆಯ ಹಾರ್ಮನ್ ಪಾಮರ್ ಎಂಬವನು ಟೊಳ್ಳು ಬ್ಲಾಕುಗಳನ್ನು ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದನು. ಅಚ್ಚಿನಿಂದ ತೆಗೆದೊಡನೆ ಬ್ಲಾಕು ನಿಲ್ಲಬೇಕು. ಹಾಗೆ ನಿಲ್ಲಬೇಕಾದರೆ ಬೆರಕೆಯು ಚಪ್ಪರದ ಕಾಂಕ್ರೀಟಿನಂತೆ ಹರಿಯದೆ, ಆ ಮಣ್ಣಿನಂತೆಯೇ ಅರೆಯೊಣಗಿರಬೇಕು.

ಇಲ್ಲಿಯೇ ಹದದ ಪ್ರಶ್ನೆಯು ಬರುವದು. ೧೯೧೮ರಲ್ಲಿ ಶಿಕಾಗೋ ನಗರದ ಡಫ್ ಅಬ್ರಾಮ್ಸ್ ಎಂಬ ಪಂಡಿತರು, ಕಾಂಕ್ರೀಟಿನ ಬಲವು ಸಿಮೆಂಟಿಗೂ ನೀರಿಗೂ ಇರುವ ಪ್ರಮಾಣವನ್ನು ಅವಲಂಬಿಸಿದೆಯೆಂದು ಸಿದ್ಧಮಾಡಿದರು. ನೀರು ಹೆಚ್ಚಿದಷ್ಟು ಬಲವು ಕುಗ್ಗುವದು. ಆದರೆ ಈ ನಿಯಮವು ಸಂದಿಲ್ಲದೆ ತುಂಬಿ ಕೂಡುವ ಬೆರಕೆಗೆ ಸಂಬಂಧಿಸಿದ್ದು. ಅರೆಯೊಣಗಿದ ಬ್ಲಾಕಿನಲ್ಲಿ ನೀರು ತೀರ ಕಡಿಮೆಯಾದರೆ ಕಣಗಳು ಒತ್ತಿಕೊಳ್ಳದೆ ಒಳಗೆ ಪೊಳ್ಳುಗಳು ಉಳಿಯುವವು. ಅಂಥ ಗೋಡೆಯು ಮಳೆನೀರನ್ನು ಹೀರುವದು. ಆದಕಾರಣ ಅಚ್ಚು ತೆಗೆದಾಗ ಕುಸಿಯದೆ ನಿಲ್ಲುವ ಎಲ್ಲೆಯವರೆಗೆ ನೀರು ಕೊಡುವದೇ ಇಲ್ಲಿಯ ಹದ. ಬೆರಕೆಯನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆಯು ಒಡೆಯಬಾರದು. ಬೆರಳ ಸಂದಿನಿಂದ ನೀರು ಸೋರಲೂಬಾರದು.

ಎರಡನೆಯ ಅಂಗವು ಕಣಗಳ ಹೊಂದಾಣಿಕೆ. ಒಂದು ಕೊಳಗದ ತುಂಬ ಜಲ್ಲಿಯನ್ನು ತುಂಬಿದರೂ ಅದರ ಸಂದುಗಳಲ್ಲಿ ಮರಳಿಗೆ ಎಡೆಯಿರುವದು. ಮರಳಿನ ಸಂದುಗಳಲ್ಲಿ ಸಿಮೆಂಟಿಗೆ ಎಡೆಯಿರುವದು. ದಪ್ಪ, ನಡುತರ, ಸಣ್ಣ ಕಣಗಳು ಕ್ರಮವಾಗಿ ಬೆರೆತರೆ ಪೊಳ್ಳು ಕಡಿಮೆಯಾಗಿ, ಅಲ್ಪ ಸಿಮೆಂಟಿನಿಂದಲೇ ಬಲವು ಬರುವದು. ಜೋಯಿಡಾ ತಾಲೂಕಿನಲ್ಲಿ ಕಾಳೀ ನದಿಗೆ ಅಡ್ಡಲಾಗಿ ನಿಂತಿರುವ ೧೦೧ ಮೀಟರು ಎತ್ತರದ ಸೂಪಾ ಆಣೆಕಟ್ಟು ಕಾಂಕ್ರೀಟಿನದೇ. ಅಂಥ ಭಾರಿ ಕಟ್ಟಡಗಳಲ್ಲಿ ಮುಷ್ಟಿಗಿಂತ ದೊಡ್ಡ ಕಲ್ಲುಗಳನ್ನೂ ಬೆರೆಸುವದುಂಟು. ಬ್ಲಾಕಿನ ತೆಳುವಾದ ಮೈಗೆ ಸಣ್ಣ ಜಲ್ಲಿಯೇ ಸಲ್ಲುವದು. ಪದಾರ್ಥವು ಒಂದೇ ಆದರೂ ಕಟ್ಟಡಕ್ಕೆ ತಕ್ಕಂತೆ ಪ್ರಮಾಣವು ಬೇರೆ.

ಸಿಮೆಂಟು ಹೆಚ್ಚು ಸುರಿದರೆ ಬ್ಲಾಕು ಹೆಚ್ಚು ಉತ್ತಮವೆಂಬ ನಂಬಿಕೆಯು ಜನರಲ್ಲಿದೆ. ಭಾರತೀಯ ಮಾನಕ ೨೧೮೫ರ ೧೯೭೯ರ ಆವೃತ್ತಿಯು ಒಂದು ಭಾಗ ಸಿಮೆಂಟಿಗೆ ಜಲ್ಲಿ ಮರಳುಗಳು ಕೂಡಿ ಆರು ಭಾಗಕ್ಕಿಂತ ಕಡಿಮೆಯಾಗಬಾರದೆಂದು ವಿಧಿಸಿತು. ಸಿಮೆಂಟು ಅತಿಯಾದಷ್ಟು ಬ್ಲಾಕು ಒಣಗುವಾಗ ಹೆಚ್ಚು ಕುಗ್ಗುವದು. ಕುಗ್ಗಿದ ಗೋಡೆಯು ಬಿರಿಯುವದು. ಅದೇ ಮಾನಕವು ಬ್ಲಾಕುಗಳನ್ನು ೧೪ ದಿನ ಎಡೆಬಿಡದೆ ತೇವವಾಗಿಟ್ಟು, ಬಳಿಕ ನಾಲ್ಕು ವಾರ ನೆರಳಿನಲ್ಲಿ ಒಣಗಿಸಬೇಕೆಂದೂ ಹೇಳಿತು. ಕುಗ್ಗುವದೆಲ್ಲವೂ ಗೋಡೆಗೆ ಸೇರುವ ಮೊದಲೇ ಮುಗಿಯಲೆಂಬುದು ಅದರ ಆಶಯ.

ಮಳೆಯ ಸೀಮೆಯವರಾದ ನಾವು ಇನ್ನೊಂದು ಮಾತನ್ನು ನೆನಪಿನಲ್ಲಿಡಬೇಕು. ತುಸು ತೇವವಾದ ಮರಳು ಉಬ್ಬುವದು. ಬುಟ್ಟಿಯಿಂದ ಅಳೆದರೆ ನೂರಕ್ಕೆ ಇಪ್ಪತ್ತು ಮೂವತ್ತರಷ್ಟು ಹೆಚ್ಚಾಗಿ ಕಾಣುವದುಂಟು. ಬೇಸಿಗೆಯ ಬುಟ್ಟಿಯ ಲೆಕ್ಕವನ್ನೇ ಮಳೆಗಾಲದಲ್ಲಿಯೂ ಹಿಡಿದರೆ ಬೆರಕೆಯಲ್ಲಿ ಮರಳು ಕಡಿಮೆಯಾಗಿ ಜಲ್ಲಿಯ ಸಂದುಗಳು ತುಂಬದೆ ಉಳಿಯುವವು. ತೂಗಿ ಬೆರೆಸುವವರು ಈ ಮೋಸಕ್ಕೆ ಅಷ್ಟಾಗಿ ಸಿಕ್ಕರು. ತೇವದ ತೂಕವನ್ನು ಕಳೆದರೆ ಸಾಕು.

ಹದದ ಈ ವಿದ್ಯೆಯು ಸಿಮೆಂಟನ್ನೂ ನದಿಯ ಮರಳನ್ನೂ ಉಳಿಸಬಲ್ಲುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ವಿದ್ವಾಂಸರು, ಕೆಮ್ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟನ್ನು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆಯನ್ನು ಮಾಡುವ ಕ್ರಮವನ್ನು ರೂಢಿಗೆ ತಂದರು. ಹಲಗೆಗಳ ನಡುವೆ ಮಣ್ಣನ್ನು ಬಡಿಯುತ್ತಿದ್ದವರ ಅರಿವೂ, ಪ್ರಯೋಗಶಾಲೆಯ ಗಣಿತವೂ ಅಲ್ಲಿ ಒಂದಾದವು.

ಮನೆ ಕಟ್ಟುವದೆಂದರೆ ಸಾಮಾನ್ಯ ಕುಟುಂಬಕ್ಕೆ ಬಾಳಿನ ಗಳಿಕೆಯನ್ನೆಲ್ಲ ಒಂದೇ ಸಲ ಪಣಕ್ಕಿಡುವದು. ಗಿಲಾವು ಬಳಿದ ಮೇಲೆ ಬ್ಲಾಕಿನ ಗುಣವು ಕಣ್ಣಿಗೆ ಕಾಣದು; ಅದನ್ನು ತೋರಿಸುವದು ಮಳೆಗಾಲವೇ. ಆದುದರಿಂದ ಕೊಳ್ಳುವಾಗ ಬೆಲೆಯೊಂದನ್ನೇ ಕೇಳದೆ, ಈ ಬ್ಲಾಕನ್ನು ಎಂದು ಒತ್ತಿದಿರಿ, ಎಷ್ಟು ದಿನ ನೀರುಣಿಸಿದಿರಿ, ಮರಳನ್ನು ಅಳೆದಿರೋ ತೂಗಿದಿರೋ ಎಂಬ ಮೂರು ಮಾತುಗಳನ್ನು ಗೃಹಸ್ಥರು ಕೇಳತಕ್ಕದ್ದು. ಕೇಳುವವರು ಹೆಚ್ಚಿದಂತೆ ಹದಕ್ಕೆ ಬೆಲೆಯು ಬರುವದು.