ಅಸೆನ್ನಿನಲ್ಲಿ ನಿಂತ ಗಾಲಿಗಳು

ಎರಡನೆಯ ಮಹಾಯುದ್ಧ ಮುಗಿದು ನಾಲ್ಕು ವರ್ಷಗಳಾಗಿದ್ದವು. ಯುರೋಪಿನ ಊರುಗಳು ಇನ್ನೂ ಉರುಳಿದ ಗೋಡೆಗಳನ್ನು ಎತ್ತಿ ಕಟ್ಟುತ್ತಿದ್ದ ಆ 1949ರಲ್ಲಿ ಮೋಟಾರ್‌ಸೈಕಲ್ ಓಟಕ್ಕೆ ಮೊದಲ ಬಾರಿಗೆ ವಿಶ್ವ ಚಾಂಪಿಯನ್‌ಷಿಪ್ ಎಂಬ ಪಟ್ಟ ಏರ್ಪಟ್ಟಿತು. ಇಂಗ್ಲೆಂಡಿನ ನಾರ್ಟನ್, ಎಜೆಎಸ್, ವೆಲೊಸೆಟ್ ಕಂಪನಿಗಳು ಒಂದು ಕಡೆ, ಇಟಲಿಯ ಜಿಲೇರಾ, ಮೋಟೊ ಗುಝಿ, ಎಂವಿ ಅಗಸ್ತಾ ಕಂಪನಿಗಳು ಇನ್ನೊಂದು ಕಡೆ ನಿಂತವು. ಗೆದ್ದ ಗಾಡಿಗೆ ಪೇಟೆಯಲ್ಲಿ ಬೆಲೆಯಿತ್ತು. ಗೆಲ್ಲಿಸಿದ ಸವಾರನಿಗೆ ಎಷ್ಟು ಬೆಲೆ ಎಂಬ ಪ್ರಶ್ನೆಯನ್ನು ಆಗ ಯಾರೂ ಗಟ್ಟಿಯಾಗಿ ಕೇಳಿರಲಿಲ್ಲ. ಅದನ್ನು ಕೇಳಿ, ಅದಕ್ಕೆ ತಕ್ಕ ದಂಡವನ್ನೂ ತೆತ್ತವನು ಜೆಫ್ ಡ್ಯೂಕ್.

ಡ್ಯೂಕ್ ಹುಟ್ಟಿದ್ದು 1923ರಲ್ಲಿ, ಲ್ಯಾಂಕಶೈರಿನ ಸೇಂಟ್ ಹೆಲೆನ್ಸಿನಲ್ಲಿ. ಯುದ್ಧಕಾಲದಲ್ಲಿ ಸೈನ್ಯದ ಸಂದೇಶವಾಹಕ ದಳದಲ್ಲಿ ಮೋಟಾರ್‌ಸೈಕಲ್ ಓಡಿಸಿದವನು, ನಂತರ ನಾರ್ಟನ್ ಕಾರ್ಖಾನೆಯನ್ನು ಸೇರಿದ. ಉಳಿದವರು ಮೇಲಂಗಿ ಬೇರೆ, ಚಲ್ಲಣ ಬೇರೆಯಾದ ದಪ್ಪ ಚರ್ಮದ ಉಡುಪಿನಲ್ಲಿ ಓಡುತ್ತಿದ್ದ ದಿನಗಳಲ್ಲಿ ಅವನು ದರ್ಜಿಯಿಂದ ಮೈಗಂಟುವ ಒಂದೇ ತುಂಡಿನ ಚರ್ಮದ ಉಡುಪು ಹೊಲಿಸಿಕೊಂಡ. ಗಾಳಿಯ ತಡೆ ತಗ್ಗಿತು. ಇಂದು ಜಗತ್ತಿನ ಪ್ರತಿಯೊಬ್ಬ ರೇಸ್ ಸವಾರನೂ ತೊಡುವುದು ಆ ಉಡುಪಿನ ಸಂತತಿಯನ್ನೇ.

1950ರಲ್ಲಿ ನಾರ್ಟನ್‌ಗೆ ಹೊಸ ಚಾಸಿ ಬಂತು. ಐರ್ಲೆಂಡಿನ ಮ್ಯಾಕ್‌ಕ್ಯಾಂಡ್‌ಲೆಸ್ ಸಹೋದರರು ರೂಪಿಸಿದ ಆ ಚೌಕಟ್ಟಿನ ಮೇಲೆ ಗಾಡಿ ಎಷ್ಟು ನೆಮ್ಮದಿಯಾಗಿ ಕೂರುತ್ತಿತ್ತೆಂದರೆ, ಅದಕ್ಕೆ ‘ಫೆದರ್‌ಬೆಡ್’ ಎಂಬ ಹೆಸರೇ ನಿಂತುಹೋಯಿತು. ಅದೇ ವರ್ಷ ಡ್ಯೂಕ್ ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್ ಟಿಟಿ ಓಟ ಗೆದ್ದ. 500 ಸಿಸಿ ವಿಶ್ವ ಪಟ್ಟ ಮಾತ್ರ ಜಿಲೇರಾದ ಉಂಬೆರ್ಟೊ ಮಸೆಟ್ಟಿಗೆ ಒಂದೇ ಒಂದು ಅಂಕದಿಂದ ಒಲಿಯಿತು. ಮರುವರ್ಷ ಡ್ಯೂಕ್ 350 ಮತ್ತು 500 ಸಿಸಿ ಎರಡೂ ಪಟ್ಟಗಳನ್ನು ಒಟ್ಟಿಗೆ ಧರಿಸಿದ.

ಆದರೆ ನಾರ್ಟನ್ನಿನ ಬಲವೆಲ್ಲ ಚಾಸಿಯಲ್ಲಿತ್ತು, ಎಂಜಿನ್ನಿನಲ್ಲಿರಲಿಲ್ಲ. ಅದರದು ಒಂದೇ ಸಿಲಿಂಡರಿನ ಹಳೆಯ ವಿನ್ಯಾಸ. ಜಿಲೇರಾದ ಎಂಜಿನ್ನಿಗೆ ನಾಲ್ಕು ಸಿಲಿಂಡರು. ತಿರುವುಗಳಲ್ಲಿ ಡ್ಯೂಕ್ ಗಳಿಸಿದ್ದನ್ನು ನೇರ ದಾರಿಯಲ್ಲಿ ಇಟಲಿಯ ಗಾಡಿಗಳು ಕಸಿದುಕೊಳ್ಳುತ್ತಿದ್ದವು. ನಾಲ್ಕು ಸಿಲಿಂಡರಿನ ನಾರ್ಟನ್ ಬರುತ್ತದೆಂಬ ಮಾತು ಮಾತಾಗಿಯೇ ಉಳಿಯಿತು. ಗಾಡಿಯ ಕೊರತೆಯನ್ನು ಸವಾರ ತನ್ನ ಪ್ರಾಣ ಒಡ್ಡಿ ತುಂಬಬೇಕಾಯಿತು. 1952ರಲ್ಲಿ 350 ಸಿಸಿ ಪಟ್ಟವನ್ನು ಉಳಿಸಿಕೊಂಡರೂ, ಜರ್ಮನಿಯ ಶಾಟನ್ನಿನಲ್ಲಿ ಬಿದ್ದು ಗಾಯಗೊಂಡ ಡ್ಯೂಕ್‌ನ ಆ ವರ್ಷದ ಓಟ ಅಲ್ಲಿಗೇ ಮುಗಿಯಿತು.

1953ರಲ್ಲಿ ಅವನು ನಾರ್ಟನ್ ಬಿಟ್ಟ. ಕೆಲಕಾಲ ಆಸ್ಟನ್ ಮಾರ್ಟಿನ್ ಕಾರುಗಳನ್ನು ಓಡಿಸಿ, ಮಿಲಾನ್ ಬಳಿಯ ಆರ್ಕೊರೆಯಲ್ಲಿದ್ದ ಜಿಲೇರಾ ಕಾರ್ಖಾನೆಯ ಬಾಗಿಲಿಗೆ ಬಂದ. ಇಂಗ್ಲೆಂಡಿನ ವೀರ ಇಂಗ್ಲೆಂಡಿನ ಗಾಡಿಯನ್ನು ತೊರೆದನೆಂದು ಸ್ವದೇಶದಲ್ಲಿ ಅನೇಕರು ನೊಂದರು. ಆದರೆ ಒಳ್ಳೆಯ ಗಾಡಿ ಕೇಳುವುದು ಸವಾರನ ಹಕ್ಕು. ಕೊಡದ ಕಾರ್ಖಾನೆಗೆ ಅವನ ನಿಷ್ಠೆಯನ್ನು ಕೇಳುವ ಹಕ್ಕಿಲ್ಲ. ಜಿಲೇರಾದ ಎಂಜಿನ್ನಿಗೆ ನಾರ್ಟನ್ನಿನಂಥ ಸ್ಥಿರತೆ ಬೇಕೆಂದು ಡ್ಯೂಕ್ ಹೇಳಿದ. ಇಟಲಿಯ ಎಂಜಿನಿಯರುಗಳು ಅವನ ಮಾತಿಗೆ ಕಿವಿಗೊಟ್ಟು ಚಾಸಿಯನ್ನು ತಿದ್ದಿದರು. 1953, 1954, 1955: ಮೂರು ವರ್ಷ 500 ಸಿಸಿ ಪಟ್ಟ ಅವನದಾಯಿತು. ನಾರ್ಟನ್ 1954ರ ಕೊನೆಗೆ ತನ್ನ ವಿಶೇಷ ರೇಸ್ ಗಾಡಿಗಳನ್ನು ಹಿಂತೆಗೆದುಕೊಂಡಿತು. ಅಲ್ಲಿ ಡ್ಯೂಕ್‌ನ ಸ್ಥಾನ ತುಂಬಿದ್ದ ರೊಡೇಶಿಯಾದ ರೇ ಆಮ್, 1955ರ ವಸಂತದಲ್ಲಿ ಎಂವಿ ಅಗಸ್ತಾ ಪರ ತಾನು ಓಡಿದ ಮೊದಲ ಓಟದಲ್ಲೇ ಇಮೊಲಾದಲ್ಲಿ ಪ್ರಾಣ ಬಿಟ್ಟ. ಕಾರ್ಖಾನೆಗಳು ಹಣವನ್ನು ಪಣಕ್ಕಿಟ್ಟಾಗ ಸವಾರರು ಇಡುತ್ತಿದ್ದ ಪಣ ಇದು.

ಅದೇ 1955ರ ಜುಲೈ 16ರಂದು ಹಾಲೆಂಡಿನ ಅಸೆನ್ನಿನಲ್ಲಿ ಡಚ್ ಟಿಟಿ ನಡೆಯಿತು. ಹೊಸದಾಗಿ ಕಟ್ಟಿದ ಓಟದ ದಾರಿ, ಟಿಕೆಟ್ ಕೊಂಡು ಕಿಕ್ಕಿರಿದ ಜನ. ಕಾರ್ಖಾನೆ ತಂಡಗಳ ತಾರೆಯರು ಬೆರಳೆಣಿಕೆಯಷ್ಟು. ಓಟದ ಸಾಲನ್ನು ತುಂಬುತ್ತಿದ್ದವರು ಸ್ವಂತ ಗಾಡಿ ಕೊಂಡು, ಅದನ್ನು ವ್ಯಾನಿನಲ್ಲಿ ಹೇರಿಕೊಂಡು, ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಖಾಸಗಿ ಸವಾರರು. ಗಾಡಿಯ ರಿಪೇರಿ, ಪೆಟ್ರೋಲು, ಊಟ ಎಲ್ಲವೂ ಸಂಘಟಕರು ಕೊಡುವ ‘ಸ್ಟಾರ್ಟ್ ಮನಿ’ಯಿಂದಲೇ ನಡೆಯಬೇಕು. ಆ ಹಣ ಅಸೆನ್ನಿನಲ್ಲಿ ತೀರ ಕಡಿಮೆಯಿತ್ತು. ಹೆಚ್ಚಿಸಿರೆಂದು ಕೇಳಿದರು, ಸಂಘಟಕರು ಒಪ್ಪಲಿಲ್ಲ.

350 ಸಿಸಿ ಓಟ ಹೊರಟಿತು. ಖಾಸಗಿ ಸವಾರರು ನಿಧಾನವಾಗಿ ಒಂದೇ ಒಂದು ಸುತ್ತು ಬಂದು, ಗಾಡಿಗಳನ್ನು ಪಿಟ್‌ಗೆ ತಿರುಗಿಸಿ ಇಳಿದುಬಿಟ್ಟರು. ದಿನದ ಮುಖ್ಯ ಓಟವಾದ 500 ಸಿಸಿಗೂ ಇದೇ ಗತಿಯಾಗುವ ಸೂಚನೆ ಕಂಡಿತು. ಆಗ ಡ್ಯೂಕ್ ಮತ್ತು ಅವನ ತಂಡದ ರೆಗ್ ಆರ್ಮ್‌ಸ್ಟ್ರಾಂಗ್ ಖಾಸಗಿ ಸವಾರರ ಪಕ್ಕ ನಿಂತರು. ಡ್ಯೂಕ್‌ಗೆ ಇದರಿಂದ ಬಿಡಿಗಾಸಿನ ಲಾಭವಿರಲಿಲ್ಲ. ಅವನಿಗೆ ಜಿಲೇರಾ ಸಂಬಳವಿತ್ತು, ವಿಶ್ವ ಪಟ್ಟವಿತ್ತು, ರಾಣಿ ಕೊಟ್ಟ ಓಬಿಇ ಬಿರುದಿತ್ತು. ಆದರೂ ವಿಶ್ವ ಚಾಂಪಿಯನ್ ತಮ್ಮ ಕಡೆ ಇದ್ದಾನೆಂದಾಗ ಬಡ ಸವಾರರ ಮಾತಿಗೆ ತೂಕ ಬಂತು. ಸಂಘಟಕರು ಮಣಿದರು. ಓಟ ನಡೆಯಿತು, ಡ್ಯೂಕ್ ಗೆದ್ದ, ಆರ್ಮ್‌ಸ್ಟ್ರಾಂಗ್ ಎರಡನೆಯವನಾದ.

ಗೆಲುವು ಅಸೆನ್ನಿನಲ್ಲೇ ಉಳಿಯಿತು, ಶಿಕ್ಷೆ ಬೆನ್ನಟ್ಟಿ ಬಂತು. ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟವಾದ ಎಫ್‌ಐಎಂ ವರ್ಷದ ಕೊನೆಗೆ ತೀರ್ಪು ಕೊಟ್ಟಿತು. ಹನ್ನೆರಡಕ್ಕೂ ಹೆಚ್ಚು ಸವಾರರು ನಿಷೇಧಕ್ಕೊಳಗಾದರು. ಡ್ಯೂಕ್ ಮತ್ತು ಆರ್ಮ್‌ಸ್ಟ್ರಾಂಗರಿಗೆ 1956ರ ಜನವರಿಯಿಂದ ಆರು ತಿಂಗಳ ಬಹಿಷ್ಕಾರ. ಓಟದ ಋತುವಿನ ಮೊದಲ ಅರ್ಧವೇ ಹೋಯಿತು. ಐಲ್ ಆಫ್ ಮ್ಯಾನ್ ಟಿಟಿಯೂ ಡಚ್ ಟಿಟಿಯೂ ಅವರಿಲ್ಲದೆ ನಡೆದವು. ಎಂವಿ ಅಗಸ್ತಾಗೆ ಹೊಸದಾಗಿ ಬಂದ ತರುಣ ಜಾನ್ ಸರ್ಟೀಸ್ ಎರಡನ್ನೂ ಗೆದ್ದ. ಜುಲೈನಲ್ಲಿ ಬೆಲ್ಜಿಯಂನ ಸ್ಪಾಗೆ ಮರಳಿದ ಡ್ಯೂಕ್ ಎಲ್ಲರಿಗಿಂತ ಮುಂದೆ ಓಡುತ್ತಿದ್ದಾಗ ಎಂಜಿನ್ ಕೈಕೊಟ್ಟಿತು. ಆ ವರ್ಷ ಅವನಿಗೆ ಸಿಕ್ಕಿದ್ದು ಇಟಲಿಯ ಮೊಂಝಾದ ಗೆಲುವೊಂದೇ. ಪಟ್ಟ ಸರ್ಟೀಸ್‌ಗೆ ಹೋಯಿತು. ಡ್ಯೂಕ್‌ನ ಬಳಿಗೆ ಮತ್ತೆಂದೂ ಬರಲಿಲ್ಲ.

ಸವಾರರು ಓಟ ಬಿಟ್ಟರೆ ನಿಷೇಧ. ಕಾರ್ಖಾನೆಗಳು ಬಿಟ್ಟರೆ? 1957ರ ಕೊನೆಯಲ್ಲಿ ಜಿಲೇರಾ, ಮೋಟೊ ಗುಝಿ, ಮೊಂಡಿಯಲ್ ಮೂರೂ ಖರ್ಚು ಹೆಚ್ಚಾಯಿತೆಂದು ಒಮ್ಮೆಲೇ ಗ್ರ್ಯಾನ್ ಪ್ರಿ ಕಣದಿಂದ ಹಿಂದೆ ಸರಿದವು. ಯಾರೂ ಅವುಗಳಿಗೆ ಶಿಕ್ಷೆ ವಿಧಿಸಲಿಲ್ಲ. ಜಗತ್ತಿನ ಅತಿ ವೇಗದ ಗಾಡಿಗಳು ಬೀಗದ ಹಿಂದೆ ಸೇರಿದವು. ಅವನ್ನು ಓಡಿಸಬಲ್ಲವರು ಬೀದಿಗೆ ಬಿದ್ದರು. ಕಣದಲ್ಲಿ ಉಳಿದದ್ದು ಕೌಂಟ್ ಡೊಮೆನಿಕೊ ಅಗಸ್ತಾನ ಎಂವಿ. ಅಲ್ಲಿ ಸರ್ಟೀಸ್ 1958ರಿಂದ 1960ರವರೆಗೆ ಪ್ರತಿ ವರ್ಷವೂ 350 ಮತ್ತು 500 ಸಿಸಿ ಎರಡೂ ಪಟ್ಟ ಗೆದ್ದ. ಆದರೆ ಇಂಗ್ಲೆಂಡಿನ ಚಿಕ್ಕ ಓಟಗಳಲ್ಲಿ ತನ್ನ ಸ್ವಂತ ನಾರ್ಟನ್ ಓಡಿಸುತ್ತೇನೆಂದರೆ ಕೌಂಟ್ ಒಪ್ಪಲಿಲ್ಲ. ಏಳು ವಿಶ್ವ ಪಟ್ಟಗಳ ಒಡೆಯ ಕಾರುಗಳತ್ತ ತಿರುಗಿದ. 1964ರಲ್ಲಿ ಫೆರಾರಿಯಲ್ಲಿ ಫಾರ್ಮುಲಾ ಒನ್ ಪಟ್ಟ ಗೆದ್ದು, ಎರಡು ಗಾಲಿ ಮತ್ತು ನಾಲ್ಕು ಗಾಲಿ ಎರಡರಲ್ಲೂ ವಿಶ್ವವಿಜಯಿಯಾದ ಏಕೈಕ ಪುರುಷನೆನಿಸಿದ.

ಡ್ಯೂಕ್ 1958ರಲ್ಲಿ ಸ್ವೀಡನ್ನಿನಲ್ಲಿ ಮತ್ತೆ ನಾರ್ಟನ್ ಏರಿ 350 ಮತ್ತು 500 ಸಿಸಿ ಎರಡೂ ಓಟ ಗೆದ್ದು, ಮರುವರ್ಷ ನಿವೃತ್ತನಾದ. 1963ರಲ್ಲಿ ಆರ್ಕೊರೆಗೆ ಹೋಗಿ, 1957ರಿಂದ ಮೂಲೆ ಸೇರಿದ್ದ ಜಿಲೇರಾಗಳನ್ನು ಹೊರಡಿಸಿ, ‘ಸ್ಕುಡೇರಿಯಾ ಡ್ಯೂಕ್’ ಎಂಬ ತನ್ನದೇ ತಂಡ ಕಟ್ಟಿದ. ಆ ತಂಡದ ಜಾನ್ ಹಾರ್ಟಲ್ ಅದೇ ಅಸೆನ್ನಿನಲ್ಲಿ 500 ಸಿಸಿ ಡಚ್ ಟಿಟಿ ಗೆದ್ದ. ಆರು ವರ್ಷ ಸುಮ್ಮನೆ ನಿಂತ ಗಾಡಿಗಳೂ ಗೆಲ್ಲಬಲ್ಲವೆಂದು ಕಾರ್ಖಾನೆಗೆ ತೋರಿಸಿಕೊಟ್ಟವನು ಒಬ್ಬ ಸವಾರ.

ಮುಂದಿನ ಕಾಲದಲ್ಲಿ ಸವಾರರ ಕೈ ಮೇಲಾಯಿತು. 2003ರ ಕೊನೆಯಲ್ಲಿ ವ್ಯಾಲೆಂಟಿನೊ ರೊಸ್ಸಿ ಹೋಂಡಾ ಬಿಟ್ಟು, 1992ರಿಂದ ಪಟ್ಟ ಕಾಣದಿದ್ದ ಯಮಹಾ ಸೇರಿ ಮರುವರ್ಷವೇ ಗೆದ್ದಾಗ ಜಗತ್ತು ಅವನನ್ನು ಹೊಗಳಿತು. ಐವತ್ತು ವರ್ಷ ಮೊದಲು ಆ ಹಾದಿ ಕಡಿದವನಿಗೆ ಆಗ ಹೊಗಳಿಕೆಯೊಂದಿಗೆ ದೂರೂ ಸಿಕ್ಕಿತ್ತು. ರೊಸ್ಸಿ ಬಿಟ್ಟದ್ದು ಒಂದು ಕಂಪನಿಯನ್ನು. ಡ್ಯೂಕ್ ಅದನ್ನೂ ಮಾಡಿದ. ಜೊತೆಗೆ ಹೆಸರಿಲ್ಲದ ಸವಾರರ ಅನ್ನಕ್ಕಾಗಿ ತನ್ನ ಪಟ್ಟವನ್ನೇ ಒತ್ತೆಯಿಟ್ಟ. ಅವನು 2015ರ ಮೇ 1ರಂದು, 92ರ ವಯಸ್ಸಿನಲ್ಲಿ, ಐಲ್ ಆಫ್ ಮ್ಯಾನ್‌ನಲ್ಲಿ ತೀರಿಕೊಂಡ. ದಾಖಲೆಯ ಪುಸ್ತಕ ಆರು ವಿಶ್ವ ಪಟ್ಟಗಳನ್ನು ಅವನ ಹೆಸರಿನಲ್ಲಿ ಬರೆದಿದೆ. 1956ರಲ್ಲಿ ಅವನು ಕಳೆದುಕೊಂಡ ಆರು ತಿಂಗಳು ಆ ಆರೂ ಪಟ್ಟಗಳಿಗಿಂತ ಹಿರಿದು.